ಗೋ ಎಂಬುದಕ್ಕೆ ವೆಂಟ್ ಏಕೆ?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು. ಬಳಿಕ ಪಟ್ಟಣಕ್ಕೆ ಬಂದು ಬಿ.ಕಾಂ. ಮುಗಿಸಿ, ಅಮೆರಿಕದ ಗಿರಾಕಿಗಳೊಡನೆ ದೂರವಾಣಿಯಲ್ಲಿ ಮಾತನಾಡುವ ಕಚೇರಿಯೊಂದಕ್ಕೆ ಸೇರಿದವಳು. ಕಳೆದ ಮಳೆಗಾಲದ ಒಂದು ಸಂಜೆ ಕೈಯಲ್ಲಿ ಒಂದು ನೋಟುಪುಸ್ತಕ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದು ಕುಳಿತಳು. ಮುಖ ಸಪ್ಪಗಿತ್ತು.

“ಮೇಷ್ಟ್ರೇ, ಇವತ್ತು ನಾನು ಫೋನಿನಲ್ಲಿ ‘ಐ ಆಮ್ ನಾಟ್ ನೋಯಿಂಗ್’ ಅಂದುಬಿಟ್ಟೆ. ಪಕ್ಕದಲ್ಲಿ ಕೂತವರೆಲ್ಲ ಮಧ್ಯಾಹ್ನದವರೆಗೂ ಅದನ್ನೇ ಹೇಳಿಕೊಂಡು ನಕ್ಕರು. ಅದೇ ಹೊತ್ತಿಗೆ ಆ ಕಡೆಯಿಂದ ಮಾತಾಡಿದ ಅಮೆರಿಕದವರು ‘ಹಿ ಡೋಂಟ್ ನೋ ನಥಿಂಗ್’ ಅಂದರು. ಡೋಂಟ್ ಅಲ್ಲ, ಡಸಂಟ್ ಅಂತ ನಮಗೆ ಏಳನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದಾರೆ. ಅದಕ್ಕೆ ಮಾತ್ರ ಯಾರೂ ನಗಲಿಲ್ಲ. ನಾನು ವ್ಯಾಕರಣ ಉರು ಹೊಡೆದವಳು. ಹಾಗಾದರೆ ತಪ್ಪು ಅಂದರೇನು?”

ನಾನು ಕನ್ನಡದ ಮೇಷ್ಟರು. ಇಂಗ್ಲಿಷು ನನ್ನ ಕಸುಬಲ್ಲ. ಆದರೆ ಕೇಶಿರಾಜನ ಸೂತ್ರಗಳನ್ನು ಮೂರು ದಶಕಗಳ ಕಾಲ ಪಾಠ ಹೇಳಿದವನಿಗೆ, ಯಾವ ಭಾಷೆಯದಾದರೂ ಸರಿಯೆ, ಧಾತು ಎಂದರೆ ಒಂದು ಬಗೆಯ ಆಸೆ ಉಂಟು. ಆ ಹುಡುಗಿಯ ಪ್ರಶ್ನೆಗೆ ಅಂದು ನಾನು ಪೂರ್ತಿಯಾಗಿ ಉತ್ತರ ಹೇಳಲಾಗಲಿಲ್ಲ. ಆಮೇಲೆ ಪುಸ್ತಕಗಳನ್ನು ತೆಗೆದು ನೋಡಿ ಕಂಡುಕೊಂಡುದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಕೆಯ ನೋಟುಪುಸ್ತಕದ ಮೊದಲ ಪುಟದಲ್ಲಿ ನಾವೆಲ್ಲರೂ ಬಲ್ಲ ಮಂತ್ರವೇ ಇತ್ತು: ಗೋ, ವೆಂಟ್, ಗಾನ್, ಸಿಂಗ್, ಸ್ಯಾಂಗ್, ಸಂಗ್, ಬ್ರಿಂಗ್, ಬ್ರಾಟ್, ಬ್ರಾಟ್. ನಮ್ಮ ಕಾಲದಲ್ಲಿ ಇದನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಗೋ ಎಂಬುದಕ್ಕೆ ವೆಂಟ್ ಏಕೆ ಎಂದು ಯಾವನಾದರೂ ಎದ್ದುನಿಂತು ಕೇಳಿದರೆ, “ಅದು ಹಾಗೆಯೇ, ಕೂತುಕೋ” ಎಂಬುದೇ ಉತ್ತರ. ವಾಸ್ತವವಾಗಿ ಆ ಹುಡುಗನ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇದೆ. ವೆಂಟ್ ಎಂಬುದು ಗೋ ಎಂಬ ಧಾತುವಿನ ಮಗುವಲ್ಲ, ದತ್ತು ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ‘ದಾರಿ ಹಿಡಿದು ನಡೆ’ ಎಂಬ ಅರ್ಥದ ವೆಂಡ್ ಎಂಬ ಬೇರೊಂದು ಧಾತುವಿತ್ತು. ಸೆಂಡ್‌ಗೆ ಸೆಂಟ್, ಬೆಂಡ್‌ಗೆ ಬೆಂಟ್ ಆದಂತೆ ವೆಂಡ್‌ಗೆ ವೆಂಟ್. ಗೋ ಎಂಬುದಕ್ಕೆ ತನ್ನದೇ ಆದ, ಈಗ ಯಾರೂ ಕೇಳದ, ‘ಏಓದೆ’ ಎಂಬ ಭೂತರೂಪವಿತ್ತು. ಅದು ಕಾಲಕ್ರಮದಲ್ಲಿ ಸೊರಗಿ ಸತ್ತಿತು. ನೆರೆಮನೆಯ ವೆಂಟ್ ಬಂದು ಆ ಜಾಗದಲ್ಲಿ ಕುಳಿತುಬಿಟ್ಟಿತು. ಸಂಸ್ಕೃತ ಓದಿದವರಿಗೆ ಇದೇನೂ ಅಚ್ಚರಿಯಲ್ಲ. ದೃಶ್ ಧಾತುವಿಗೆ ವರ್ತಮಾನದಲ್ಲಿ ‘ಪಶ್ಯತಿ’, ಭೂತದಲ್ಲಿ ‘ದದರ್ಶ’ ಎಂದು ನಾವು ಹೇಳಿಕೊಂಡು ಬಂದಿಲ್ಲವೆ?

ಬಿ ಎಂಬ ಧಾತುವಿನ ಸಂಸಾರವಂತೂ ಇನ್ನೂ ಸೊಗಸು. ಆಮ್, ಈಸ್, ವಾಸ್, ಬಿ: ಇವು ಒಂದೇ ಮನೆಯವೆಂದು ನಂಬುವುದೇ ಕಷ್ಟ. ಇವು ಒಂದೇ ಮನೆಯವಲ್ಲ ಎಂಬುದೇ ನಿಜ. ಆಮ್ ಮತ್ತು ಈಸ್ ಎಂಬವು ನಮ್ಮ ‘ಅಸ್ಮಿ’, ‘ಅಸ್ತಿ’ಗಳ ದಾಯಾದಿಗಳು. ಬಿ ಎಂಬುದು ‘ಭವತಿ’ಯ ಭೂ ಧಾತುವಿಗೆ ಸಂಬಂಧಪಟ್ಟದ್ದು. ವಾಸ್ ಎಂಬುದು ನೆಲಸು ಎಂಬರ್ಥದ ವಸ್ ಧಾತುವಿನ, ನಮ್ಮ ‘ವಸತಿ’ಯ, ಬಂಧು. ಇರುವುದು, ಆಗುವುದು, ನೆಲಸುವುದು, ಈ ಮೂರೂ ಸೇರಿ ಒಂದು ಕ್ರಿಯಾಪದವಾಗಿದೆ. ‘ಐ ವಾಸ್’ ಎಂದು ತಡವರಿಸುತ್ತ ಹೇಳುವ ನಮ್ಮ ಹಳ್ಳಿಯ ಹುಡುಗ ತನ್ನ ಊರಿನ ವಸತಿಶಾಲೆಯ ಹೆಸರಿನಲ್ಲಿರುವ ಧಾತುವನ್ನೇ ಉಚ್ಚರಿಸುತ್ತಿದ್ದಾನೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಸಿಂಗ್, ಸ್ಯಾಂಗ್, ಸಂಗ್ ಎಂಬ ಬಳಗ. ಇಲ್ಲಿ ಪ್ರತ್ಯಯವೇ ಇಲ್ಲ. ಧಾತುವಿನ ಒಳಗಿನ ಸ್ವರವೇ ಬದಲಾಗಿ ಕಾಲವನ್ನು ಸೂಚಿಸುತ್ತದೆ. ಜರ್ಮನಿಯ ಯಾಕೋಬ್ ಗ್ರಿಮ್, ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಸೋದರರಲ್ಲಿ ಹಿರಿಯವನು, ಇಂಥವನ್ನು ಸಬಲ ಕ್ರಿಯಾಪದಗಳೆಂದೂ, ಪ್ರತ್ಯಯದ ಊರುಗೋಲು ಬೇಕಾದ ‘ವಾಕ್ಡ್’, ‘ಕಾಲ್ಡ್’ ಮೊದಲಾದವನ್ನು ದುರ್ಬಲ ಕ್ರಿಯಾಪದಗಳೆಂದೂ ಕರೆದನು. ಹೆಸರುಗಳು ಹಾಗೆಯೇ ನಿಂತಿವೆ. ಈ ಸ್ವರವಿಕಾರ ಬಹು ಪುರಾತನವಾದುದು. ಪಾಣಿನಿಯು ಗುಣವೆಂದು ಕರೆಯುವ ಭಿದ್–ಭೇದ ಎಂಬ ಮಾರ್ಪಾಟೂ ಇದೂ ಮೂಲದಲ್ಲಿ ಒಂದೇ. ಅಷ್ಟೇ ಅಲ್ಲ, ಇಂಗ್ಲಿಷಿನ ಬೈಟ್–ಬಿಟ್ ಎಂಬ ಧಾತು ನಮ್ಮ ಭಿದ್ ಧಾತುವಿನ ಸಾಕ್ಷಾತ್ ಬಂಧು.

ಮತ್ತೆ ಕೆಲವು ಅಪವಾದಗಳು ಅಷ್ಟು ಹಳೆಯವಲ್ಲ; ಬಾಯಿಯ ಸೌಕರ್ಯದಿಂದ ಹುಟ್ಟಿದಂಥವು. ಕೀಪ್ ಎಂಬ ದೀರ್ಘಕ್ಕೆ ಕೆಪ್ಟ್ ಎಂಬ ಹ್ರಸ್ವವೇಕೆ? ಸ್ಲೀಪ್‌ಗೆ ಸ್ಲೆಪ್ಟ್ ಏಕೆ? ಮುಂದೆ ಎರಡು ವ್ಯಂಜನಗಳು ಒತ್ತಾಗಿ ಬಂದಾಗ ಹಿಂದಿನ ದೀರ್ಘಸ್ವರ ಕುಗ್ಗಿತು. ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಬೀಳು–ಬಿದ್ದನು, ಏಳು–ಎದ್ದನು, ಸಾಯು–ಸತ್ತನು: ನಮ್ಮ ಮನೆಯಲ್ಲಿಯೂ ಒತ್ತಕ್ಷರ ಬಂದೊಡನೆ ದೀರ್ಘ ಹೀಗೆಯೇ ಕುಗ್ಗುತ್ತದೆ. ಎರಡು ಭಾಷೆಗಳಿಗೂ ನೆಂಟಸ್ತನವಿಲ್ಲ. ನಾಲಗೆಯ ಸ್ವಭಾವ ಮಾತ್ರ ಒಂದೇ. ಬರು–ಬಂದನು, ಕಾಣು–ಕಂಡನು, ನಗು–ನಕ್ಕನು ಎಂದು ಮೂರನೆಯ ವರ್ಷದಲ್ಲಿಯೇ ತಪ್ಪಿಲ್ಲದೆ ಹೇಳುವ ಮಗುವಿಗೆ ಹನ್ನೆರಡನೆಯ ವರ್ಷದಲ್ಲಿ ‘ಇಂಗ್ಲಿಷ್ ಕ್ರಿಯಾಪದಗಳಿಗೆ ನಿಯಮವೇ ಇಲ್ಲ’ ಎಂದು ಹೆದರಿಸುವುದು ಯಾವ ನ್ಯಾಯ?

ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. 2007ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಇಂಗ್ಲಿಷಿನ 177 ಅಪವಾದಧಾತುಗಳನ್ನು ಹಿಡಿದು ಅವುಗಳ ಜಾತಕ ನೋಡಿದರು. ಅವುಗಳಲ್ಲಿ ಇಂದಿಗೆ ಅಪವಾದವಾಗಿ ಉಳಿದಿರುವವು 98. ಮಿಕ್ಕವು ಒಂದೊಂದಾಗಿ ಸಾಮಾನ್ಯ ಪ್ರತ್ಯಯಕ್ಕೆ ಶರಣಾಗಿವೆ. ಹೆಲ್ಪ್ ಎಂಬ ಧಾತುವಿಗೆ 1611ರ ಬೈಬಲ್ ಅನುವಾದದಲ್ಲಿಯೂ ‘ಹೋಲ್ಪನ್’ ಎಂಬ ಕೃದಂತರೂಪ ಸಿಗುತ್ತದೆ. ಇಂದು ‘ಹೆಲ್ಪ್ಡ್’ ಒಂದೇ ಗತಿ. ಉಳಿದುಕೊಂಡವು ಯಾವುವು? ದಿನವಹಿ ಬಾಯಲ್ಲಿ ಹೊರಳುವಂಥವು: ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಟೇಕ್, ನೋ. ಹೆಚ್ಚು ಬಳಸುವ ಪಾತ್ರೆ ತುಕ್ಕು ಹಿಡಿಯುವುದಿಲ್ಲ. ಅಪವಾದಗಳನ್ನು ಕಲಿಯುವವನಿಗೆ ಇದೊಂದು ಸಮಾಧಾನ. ಅವನು ಕಲಿಯುತ್ತಿರುವುದು ಭಾಷೆಯ ಮೂಲೆಯ ಕಸವನ್ನಲ್ಲ, ನಡುಮನೆಯ ಪಾತ್ರೆಗಳನ್ನು.

ಈಗ ತಪ್ಪಿನ ಪ್ರಶ್ನೆಗೆ ಬರೋಣ. ಶಾಲೆಯ ಪುಸ್ತಕದ ಪ್ರಕಾರ ‘ಐ ಹ್ಯಾವ್ ರೋಟ್’ ಎಂಬುದು ತಪ್ಪು. ‘ಐ ಹ್ಯಾವ್ ರಿಟನ್’ ಆಗಬೇಕು. ಆದರೆ ನಮ್ಮ ಪೀಳಿಗೆಯವರು ಕಾಲೇಜಿನಲ್ಲಿ ಓದಿ ಕಣ್ಣು ತೇವ ಮಾಡಿಕೊಂಡ ಥಾಮಸ್ ಗ್ರೇ ಕವಿಯ ಶೋಕಗೀತೆಯನ್ನು ನೆನೆಯಿರಿ, ಹಳ್ಳಿಯ ಚರ್ಚಿನ ಅಂಗಳದಲ್ಲಿ ಬರೆದ ಆ ಪ್ರಸಿದ್ಧ ಕವಿತೆ. 1751ರಲ್ಲಿ ಅದು ಮೊದಲು ಅಚ್ಚಾದಾಗ ಅದರ ಹೆಸರೇ ‘ಆ್ಯನ್ ಎಲಿಜಿ ರೋಟ್ ಇನ್ ಎ ಕಂಟ್ರಿ ಚರ್ಚ್ ಯಾರ್ಡ್’ ಎಂದಿತ್ತು. ರಿಟನ್ ಅಲ್ಲ, ರೋಟ್! ಕೇಂಬ್ರಿಜ್ಜಿನಲ್ಲಿ ಬಾಳಿದ, ಗ್ರೀಕ್ ಲ್ಯಾಟಿನ್ನುಗಳನ್ನು ಅರೆದು ಕುಡಿದ ಪಂಡಿತಕವಿ ಗ್ರೇ. ಅವನು ವ್ಯಾಕರಣ ತಿಳಿಯದವನೆ? ಅಂದಿನ ವಿದ್ಯಾವಂತರ ಮಾತಿನಲ್ಲಿ ಎರಡು ರೂಪವೂ ನಡೆಯುತ್ತಿತ್ತು, ಅಷ್ಟೆ.

ಅದಾದ ಹನ್ನೊಂದು ವರ್ಷಕ್ಕೆ, 1762ರಲ್ಲಿ, ರಾಬರ್ಟ್ ಲೌತ್ ಎಂಬ ಪಾದ್ರಿ ಇಂಗ್ಲಿಷಿಗೆ ಒಂದು ಸಣ್ಣ ವ್ಯಾಕರಣ ಬರೆದನು. ಮುಂದೆ ಬಿಷಪ್ಪನಾದವನು, ಹೀಬ್ರೂ ಕಾವ್ಯದ ದೊಡ್ಡ ವಿದ್ವಾಂಸ. ಆ ಪುಸ್ತಕದ ಅಡಿಟಿಪ್ಪಣಿಗಳಲ್ಲಿ ಅವನು ಷೇಕ್ಸ್‌ಪಿಯರ್, ಮಿಲ್ಟನ್, ಪೋಪ್, ಸ್ವಿಫ್ಟ್ ಮೊದಲಾದ ಮಹನೀಯರ ‘ತಪ್ಪು’ಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾನೆ. ಭೂತರೂಪವನ್ನು ಕೃದಂತದ ಜಾಗದಲ್ಲಿ ಬಳಸಿದ್ದಾರೆಂದೂ, ‘ಯು ವಾಸ್’ ಎನ್ನುತ್ತಾರೆಂದೂ ಆಕ್ಷೇಪಿಸಿದ್ದಾನೆ. ಎರಡು ನಿಷೇಧಗಳು ಸೇರಿದರೆ ಅಸ್ತಿಯಾಗುತ್ತದೆ ಎಂಬ ಮಾತೂ ಅಲ್ಲಿದೆ. ನಮ್ಮ ಹುಡುಗಿ ಕೇಳಿದ ‘ಡೋಂಟ್ ನೋ ನಥಿಂಗ್’ ಅಂಥ ಜೋಡಿ ನಿಷೇಧಗಳನ್ನು ಇಂಗ್ಲಿಷಿನ ಆದಿಕವಿಯೆನ್ನಿಸಿದ ಚಾಸರ್ ಧಾರಾಳವಾಗಿ ಬರೆದಿದ್ದರೂ ಸಹ. ಲೌತ್‌ನನ್ನು ಹಾಸ್ಯ ಮಾಡುವುದು ಸುಲಭ. ಆದರೆ ಒಂದು ದೇಶ ತನ್ನ ಮಾತಿಗೆ ಒಂದು ಮಟ್ಟಸವಾದ ಬರವಣಿಗೆಯ ರೂಪವನ್ನು ಬಯಸುತ್ತಿದ್ದ ಕಾಲ ಅದು. ಆ ಬಯಕೆ ತಪ್ಪಲ್ಲ. ತಪ್ಪಾದದ್ದು ಅನಂತರದ ಶಾಲಾಮೇಷ್ಟರುಗಳಿಂದ. ಬರವಣಿಗೆಯ ಒಂದು ಆಯ್ಕೆಯನ್ನು ಅವರು ಬುದ್ಧಿಯ ಅಳತೆಗೋಲನ್ನಾಗಿ ಮಾಡಿದರು.

‘ಏಂಟ್’ ಎಂಬ ಮಾತಿನ ಕಥೆಯನ್ನು ನೋಡಿ. ‘ಆಮ್ ನಾಟ್’, ‘ಆರ್ ನಾಟ್’ಗಳು ಸವೆದು ಆದದ್ದು ಅದು. ಒಂದು ಕಾಲಕ್ಕೆ ಇಂಗ್ಲೆಂಡಿನ ಬಡ ಕೂಲಿಯವನೂ ಅದನ್ನು ಆಡುತ್ತಿದ್ದನು, ಕುದುರೆ ಏರಿ ಬೇಟೆಗೆ ಹೋಗುವ ಜಮೀನುದಾರನೂ ಆಡುತ್ತಿದ್ದನು. ಡೊರೊತಿ ಸೇಯರ್ಸ್ ಎಂಬ ಲೇಖಕಿಯ ಪತ್ತೇದಾರ ಕಾದಂಬರಿಗಳ ನಾಯಕ ಡ್ಯೂಕನೊಬ್ಬನ ತಮ್ಮ. ಅವನ ಬಾಯಲ್ಲಿ ‘ಏಂಟ್’, ‘ಡೋಂಟ್’ಗಳು ಸರಾಗವಾಗಿ ಹರಿಯುತ್ತವೆ. ಅಂಜುತ್ತಿದ್ದವರು ನಡುವಿನವರು ಮಾತ್ರ: ಮೇಲೇರಬೇಕೆಂಬ ಆಸೆಯುಳ್ಳ ಗುಮಾಸ್ತರು, ಅಂಗಡಿಯವರು, ಅವರ ಮಕ್ಕಳಿಗೆ ಪಾಠ ಹೇಳುವವರು. 1961ರಲ್ಲಿ ಅಮೆರಿಕದ ವೆಬ್‌ಸ್ಟರ್ ಮಹಾಕೋಶದ ಮೂರನೆಯ ಆವೃತ್ತಿ ಹೊರಬಂದಾಗ, ಈ ಮಾತನ್ನು ಆ ದೇಶದ ಅನೇಕ ಸುಸಂಸ್ಕೃತರೂ ಬಾಯಿಮಾತಿನಲ್ಲಿ ಬಳಸುತ್ತಾರೆಂದು ಅದರಲ್ಲಿ ನಮೂದಿಸಿದ್ದಿತು. ಸಂಪಾದಕ ಫಿಲಿಪ್ ಗೋವ್ ಮಹಾಪರಾಧ ಮಾಡಿದನೆಂಬಂತೆ ಪತ್ರಿಕೆಗಳು ಅವನ ಮೇಲೆ ಬಿದ್ದವು. ಒಂದು ತಮಾಷೆ ನೋಡಿ: ಏಂಟ್ ಬೇಡವೆಂದು ತಳ್ಳಿದವರು ‘ಆಮ್ ಐ ನಾಟ್’ ಎನ್ನಲಾರದೆ ‘ಆರಂಟ್ ಐ’ ಎನ್ನುತ್ತಾರೆ. ಐ ಎಂಬುದರ ಜೊತೆಗೆ ಆರ್ ಬರುವುದು ಯಾವ ವ್ಯಾಕರಣ? ಅದು ಸಭ್ಯರ ತಪ್ಪು, ಆದ್ದರಿಂದ ತಪ್ಪಲ್ಲ.

ಸವೆತವೆಂದರೆ ಅಸಭ್ಯತೆ ಎಂದು ಹಲುಬಿದವರಲ್ಲಿ ಸ್ವಿಫ್ಟ್‌ನಂಥ ಗದ್ಯಶಿಲ್ಪಿಯೂ ಇದ್ದನು. ‘ಡಿಸ್ಟರ್ಬೆಡ್’ ಎಂದು ಬಿಡಿಸಿ ಹೇಳಬೇಕಾದುದನ್ನು ‘ಡಿಸ್ಟರ್ಬ್ಡ್’ ಎಂದು ಮೊಟಕುಮಾಡುತ್ತಾರೆ, ಕಿವಿಗೆ ಕರ್ಕಶ ಎಂದು ಅವನು 1712ರಲ್ಲಿ ದೂರಿದನು. ಇಂದು ಅದೇ ಮೊಟಕು ಶುದ್ಧ ಉಚ್ಚಾರಣೆ. ‘ಆಸ್ಕೆಡ್’, ‘ಲಾಫೆಡ್’ ಎಂದು ಅಕ್ಷರ ನೋಡಿ ಬಿಡಿಸಿ ಹೇಳುವ ನಮ್ಮ ಹುಡುಗರು ಸ್ವಿಫ್ಟ್‌ನಿಗೆ ಮೆಚ್ಚುಗೆಯಾಗುತ್ತಿದ್ದರೋ ಏನೋ. ಆದರೆ ಇಂದಿನ ಕಿವಿಗೆ ‘ಆಸ್ಕ್ಟ್’, ‘ಲಾಫ್ಟ್’ ಎಂದರೇ ಸರಿ. ಧಾತುವಿನ ಕೊನೆಯಲ್ಲಿ ಟಕಾರವೋ ಡಕಾರವೋ ಇದ್ದಾಗ ಮಾತ್ರ ‘ವಾಂಟೆಡ್’, ‘ನೀಡೆಡ್’ ಎಂದು ಪೂರ್ತಿ ಸ್ವರ ಕೇಳುತ್ತದೆ. ಇದೊಂದನ್ನು ತಿದ್ದಿಕೊಂಡರೆ ನಮ್ಮವರ ಇಂಗ್ಲಿಷು ಅರ್ಧ ತಿಳಿಯಾಗುತ್ತದೆಂದು ನನ್ನ ಅನುಭವ.

ಬೀದಿಮಾತಿಗೆ ವ್ಯಾಕರಣವಿಲ್ಲ ಎಂಬುದು ಇನ್ನೊಂದು ಭ್ರಮೆ. ‘ಗೋಯಿಂಗ್ ಟು’ ಸವೆದು ‘ಗನಾ’ ಆಗಿದೆ, ‘ವಾಂಟ್ ಟು’ ಸವೆದು ‘ವಾನಾ’ ಆಗಿದೆ. ‘ಐ ಆಮ್ ಗನಾ ಈಟ್’, ಅಂದರೆ ಊಟಮಾಡಲಿದ್ದೇನೆ, ಎನ್ನಬಹುದು. ಆದರೆ ಬಾಸ್ಟನ್ನಿಗೆ ಹೋಗುತ್ತಿದ್ದೇನೆ ಎಂಬರ್ಥದಲ್ಲಿ ‘ಐ ಆಮ್ ಗನಾ ಬಾಸ್ಟನ್’ ಎಂದು ಆ ದೇಶದ ಪುಂಡ ಹುಡುಗನೂ ಎನ್ನುವುದಿಲ್ಲ. ಮುಂದೆ ಕ್ರಿಯಾಪದ ಬಂದು, ಗೋಯಿಂಗ್ ಎಂಬುದು ನಡೆಯುವ ಅರ್ಥವನ್ನು ಕಳೆದುಕೊಂಡು ಬರೀ ಭವಿಷ್ಯತ್ತಿನ ಗುರುತಾದಾಗ ಮಾತ್ರ ಈ ಸವೆತ ಸಲ್ಲುತ್ತದೆ. ವಾನಾ ಎಂಬುದು ಇನ್ನೂ ಸೂಕ್ಷ್ಮ. ‘ಹೂ ಡು ಯು ವಾನಾ ಸೀ?’, ಯಾರನ್ನು ನೋಡಬೇಕೆಂದಿದ್ದೀಯೆ, ಎಂಬುದು ಸಹಜ. ‘ಹೂ ಡು ಯು ವಾಂಟ್ ಟು ವಿನ್?’, ಯಾರು ಗೆಲ್ಲಬೇಕೆಂದು ನಿನ್ನ ಆಸೆ, ಎಂಬಲ್ಲಿ ಬಹುಮಂದಿ ವಾನಾ ಎನ್ನಲಾರರು. ಏಕೆಂದರೆ ಗೆಲ್ಲತಕ್ಕ ಆ ‘ಯಾರು’ ಎಂಬುದರ ಸ್ವಸ್ಥಾನ ವಾಂಟ್ ಮತ್ತು ಟು ಎಂಬವುಗಳ ನಡುವೆ. ಆತ ವಾಕ್ಯದ ಮೊದಲಿಗೆ ಎದ್ದುಹೋಗಿದ್ದರೂ ಅವನ ಖಾಲಿ ಮಣೆ ಅಲ್ಲಿಯೇ ಇದೆ. ಅದನ್ನು ದಾಟಿ ಎರಡು ಪದಗಳು ಕೂಡಲಾರವು. ಸಂಧಿಯಾಗಬೇಕಾದಲ್ಲಿ ಸಂಧಿಯಾಗದೆ ಪ್ರಕೃತಿಭಾವ ನಿಲ್ಲುವುದನ್ನು ಪಾಠ ಹೇಳಿದ ನನಗೆ ಇದನ್ನು ಓದಿದಾಗ ರೋಮಾಂಚನವಾಯಿತು. ಈ ನಿಯಮವನ್ನು ಯಾವ ಶಾಲೆಯೂ ಕಲಿಸಿಲ್ಲ. ಬೀದಿಯ ನಾಲಗೆಯೇ ಕಾಪಾಡಿಕೊಂಡು ಬಂದಿದೆ.

ಇದಕ್ಕಿಂತ ಗಂಭೀರವಾದ ಒಂದು ಉದಾಹರಣೆಯಿದೆ. ಅಮೆರಿಕದ ಕಪ್ಪು ಜನರ ಆಡುಮಾತಿನಲ್ಲಿ ‘ಹಿ ವರ್ಕಿಂಗ್’ ಎಂದೂ ಉಂಟು, ‘ಹಿ ಬಿ ವರ್ಕಿಂಗ್’ ಎಂದೂ ಉಂಟು. ಬಿಳಿಯ ಉಪಾಧ್ಯಾಯರ ಕಿವಿಗೆ ಎರಡೂ ಒಂದೇ ಬಗೆಯ ಮುರುಕು ಇಂಗ್ಲಿಷು. ಆದರೆ ಅವುಗಳ ಅರ್ಥ ಬೇರೆ ಬೇರೆ. ಮೊದಲನೆಯದು ‘ಈಗ ಕೆಲಸಮಾಡುತ್ತಿದ್ದಾನೆ’. ಎರಡನೆಯದು ‘ಅವನು ಸದಾ ಕೆಲಸಮಾಡುತ್ತಿರುತ್ತಾನೆ’. ಶಿಷ್ಟ ಇಂಗ್ಲಿಷಿನ ಬಿ ಧಾತುವಿನಲ್ಲಿ ಈ ಭೇದವನ್ನು ತೋರಿಸುವ ರೂಪವೇ ಇಲ್ಲ. ‘ಯೂಶುಅಲಿ’ಯಂಥ ಅವ್ಯಯವೊಂದನ್ನು ಸೇರಿಸಬೇಕು. ಕನ್ನಡದಲ್ಲಿ ಇದೆ! ‘ರಾಯರು ಮನೆಯಲ್ಲಿದ್ದಾರೆ’ ಎಂದರೆ ಈಗ ಹೋದರೆ ಸಿಗುತ್ತಾರೆ. ‘ರಾಯರು ಮನೆಯಲ್ಲಿರುತ್ತಾರೆ’ ಎಂದರೆ ಅದು ಅವರ ವಾಡಿಕೆ. ಈ ಕ್ಷಣದಲ್ಲಿ ಸಂತೆಗೆ ಹೋಗಿದ್ದರೂ ಇರಬಹುದು. ‘ಹಿ ಮೈ ಬ್ರದರ್’ ಎಂದು ಅವರು ಈಸ್ ಬಿಟ್ಟು ಹೇಳಿದರೆ ಅದೂ ನಮಗೆ ಹೊಸದಲ್ಲ. ‘ಅವನು ನನ್ನ ತಮ್ಮ’ ಎನ್ನುವಾಗ ನಾವು ಯಾವ ಕ್ರಿಯಾಪದವನ್ನು ಹಾಕುತ್ತೇವೆ?

ಜಾನಿಸ್ ಜಾಕ್ಸನ್ ಎಂಬ ವಿದುಷಿ ಇದನ್ನು ಮಕ್ಕಳಲ್ಲಿ ಪರೀಕ್ಷಿಸಿ ನೋಡಿದಳು. ಅಲ್ಲಿಯ ಮಕ್ಕಳ ದೂರದರ್ಶನ ಕಾರ್ಯಕ್ರಮದಲ್ಲಿ ಬಿಸ್ಕತ್ತು ತಿನ್ನುವುದಕ್ಕೇ ಹೆಸರಾದ ಒಂದು ಗೊಂಬೆಭೂತವಿದೆ. ಚಿತ್ರದಲ್ಲಿ ಅದು ಕಾಯಿಲೆಯಾಗಿ ಮಲಗಿದೆ. ಪಕ್ಕದಲ್ಲಿ ಎಲ್ಮೋ ಎಂಬ ಬೇರೊಂದು ಗೊಂಬೆ ಬಿಸ್ಕತ್ತು ತಿನ್ನುತ್ತಿದೆ. ಯಾರು ತಿನ್ನುತ್ತಿದ್ದಾರೆ ಎಂದು ಶಿಷ್ಟ ಇಂಗ್ಲಿಷಿನಲ್ಲಿ ಕೇಳಿದಾಗ ಮಕ್ಕಳು ಎಲ್ಮೋ ಎಂದರು. ‘ಹೂ ಬಿ ಈಟಿಂಗ್’ ಎಂದು ಕೇಳಿದಾಗ ಕಪ್ಪು ಮಕ್ಕಳು ಹಾಸಿಗೆಯಲ್ಲಿ ಮಲಗಿದ್ದ ಭೂತವನ್ನು ತೋರಿಸಿದರು, ತಿನ್ನುತ್ತಿರುವುದು ಅದರ ವಾಡಿಕೆ ತಾನೆ! ಬಿಳಿಯ ಮಕ್ಕಳಲ್ಲಿ ಹೆಚ್ಚಿನವರು ಎಲ್ಮೋನನ್ನೇ ತೋರಿಸಿದರು. ಹಾಗಾದರೆ ಯಾರಿಗೆ ವ್ಯಾಕರಣ ತಿಳಿಯದು?

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮಿಷಿಗನ್ ಸಂಸ್ಥಾನದ ಆ್ಯನ್ ಆರ್ಬರ್ ಪಟ್ಟಣದಲ್ಲಿ ಬಡ ಕಪ್ಪು ಮಕ್ಕಳು ಮನೆಮಾತಿನ ಕಾರಣದಿಂದಲೇ ಓದಿನಲ್ಲಿ ಹಿಂದೆಬಿದ್ದು, ಕಲಿಕೆಯ ನ್ಯೂನತೆಯುಳ್ಳವರೆಂಬ ಹಣೆಪಟ್ಟಿ ಹೊರುವಂತಾಗಿತ್ತು. ತಾಯಂದಿರು ದಾವೆ ಹೂಡಿದರು. ವಿಲಿಯಂ ಲೆಬೋವ್ ಮೊದಲಾದ ಭಾಷಾಶಾಸ್ತ್ರಜ್ಞರು ಸಾಕ್ಷಿ ನುಡಿದರು. ಲೆಬೋವ್ 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ಹುಡುಗರ ಮಾತನ್ನು ಧ್ವನಿಮುದ್ರಿಸಿ, ಅವರು ಈಸ್ ಎಂಬುದನ್ನು ಎಲ್ಲಿ ಬಿಡುತ್ತಾರೆ, ಎಲ್ಲಿ ಬಿಡರು ಎಂದು ಸೂತ್ರಬದ್ಧವಾಗಿ ತೋರಿಸಿದ್ದವನು. ಶಿಷ್ಟರು ಎಲ್ಲಿ ‘ಹಿ ಈಸ್’ ಎಂಬುದನ್ನು ‘ಹೀಸ್’ ಎಂದು ಕುಗ್ಗಿಸಬಲ್ಲರೋ ಅಲ್ಲಿ ಮಾತ್ರ ಈ ಹುಡುಗರು ಅದನ್ನು ಬಿಡುತ್ತಾರೆ. ಶಿಷ್ಟರು ಕುಗ್ಗಿಸಲಾರದ ಕಡೆ ಇವರೂ ಬಿಡಲಾರರು. 1979ರ ಜುಲೈನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪು ಕೊಟ್ಟರು: ಉಪಾಧ್ಯಾಯರು ಮಕ್ಕಳ ಮನೆಮಾತನ್ನು ಗುರುತಿಸುವುದನ್ನು ಕಲಿಯಬೇಕು, ಆ ತಿಳಿವಿನ ಮೇಲೆ ಶಿಷ್ಟ ಇಂಗ್ಲಿಷಿನ ಓದನ್ನು ಕಲಿಸಬೇಕು. ಶಿಷ್ಟ ಇಂಗ್ಲಿಷು ಬೇಡವೆಂದು ಅವರು ಹೇಳಲಿಲ್ಲ. ದಾವೆ ಹೂಡಿದ ತಾಯಂದಿರಿಗೂ ಬೇಕಾಗಿದ್ದುದು ಮಕ್ಕಳು ಅದನ್ನು ಓದಿ ಬರೆಯಲು ಕಲಿಯಬೇಕೆಂಬುದೇ.

ಇಷ್ಟೆಲ್ಲ ಕೇಳಿದ ಹುಡುಗಿ ಜಾಣೆ, “ಹಾಗಾದರೆ ನಾನೂ ನಾಳೆಯಿಂದ ಗನಾ, ಏಂಟ್ ಅನ್ನಬಹುದಾ ಮೇಷ್ಟ್ರೇ?” ಎಂದಳು.

ಬೇಡ ಎಂದೆ. ಅವು ಅಶುದ್ಧವೆಂದಲ್ಲ. ಪರಿಚಯವಿಲ್ಲದ ಹುಡುಗನೊಬ್ಬ ಬಸ್ ನಿಲ್ದಾಣದಲ್ಲಿ ಬಂದು “ಏನ್ ಮಗಾ” ಎಂದರೆ ನಮಗೆ ಹೇಗಾಗುತ್ತದೆ? ಮಗಾ, ಗುರು ಎಂಬುವು ಕೆಟ್ಟ ಮಾತುಗಳಲ್ಲ. ಬೆಂಗಳೂರಿನ ಗೆಳೆಯರು ಅಕ್ಕರೆಯಿಂದಲೇ ಹಾಗೆ ಕರೆದುಕೊಳ್ಳುತ್ತಾರೆ. ಆದರೆ ಅದಕ್ಕೆ ಸಲಿಗೆಯ ಸಂಪಾದನೆ ಬೇಕು. ಬೀದಿಮಾತು ಎಂದರೆ ನೆಂಟಸ್ತನದ ಹಕ್ಕು ಸಾಧಿಸುವುದು. ಅದನ್ನು ಕೇಳಿ ತಿಳಿದುಕೊಳ್ಳುವ ಕಿವಿ ಎಲ್ಲರಿಗೂ ಬೇಕು. ಆಡುವ ಬಾಯಿ ಅವರ ನಡುವೆ ಬಾಳಿದವರಿಗೆ ತಾನಾಗಿಯೇ ಬರುತ್ತದೆ. ಬೀದಿಮಾತಿನ ಶಬ್ದಸಂಪತ್ತು ಬೇಗ ಹಳಸುತ್ತದೆ ಎಂಬ ಇನ್ನೊಂದು ಅಪಾಯವೂ ಇದೆ. ಸಾಯುವುದಕ್ಕೆ ‘ಬಕೆಟ್ಟು ಒದೆ’ ಎಂಬ ಮಾತು 1785ರ ಫ್ರಾನ್ಸಿಸ್ ಗ್ರೋಸ್‌ನ ಬೀದಿಮಾತಿನ ಕೋಶದಲ್ಲಿದ್ದು ಇಂದಿಗೂ ಬದುಕಿದೆ, ನಿಜ. ಆದರೆ ಅಂಥ ದೀರ್ಘಾಯುಗಳು ಕೆಲವು ಮಾತ್ರ.

ಇಲ್ಲಿ ಇಂಗ್ಲಿಷಿನ ಒಂದು ಗುಟ್ಟನ್ನು ತಿಳಿಯಬೇಕು. ನಮಗೆ ನೀನು, ನೀವು ಎಂಬ ಎರಡು ಮೆಟ್ಟಿಲುಗಳಿವೆ. ಇಂಗ್ಲಿಷಿನಲ್ಲಿ ‘ದೌ’ ಎಂಬ ಏಕವಚನ ಬಳಕೆ ತಪ್ಪಿಹೋದ ಮೇಲೆ ರಾಜನಿಗೂ ನಾಯಿಗೂ ಒಂದೇ ‘ಯು’. ಹಾಗಾದರೆ ಗೌರವವನ್ನು ಎಲ್ಲಿ ತೋರಿಸುವುದು? ಕ್ರಿಯಾಪದದಲ್ಲಿ! ‘ಐ ವಾಂಟ್ ಟು ಆಸ್ಕ್’ ಎಂಬುದಕ್ಕಿಂತ ‘ಐ ವಾಂಟೆಡ್ ಟು ಆಸ್ಕ್’ ವಿನಯ. ‘ಕ್ಯಾನ್ ಯು’ ಎಂಬುದಕ್ಕಿಂತ ‘ಕುಡ್ ಯು’ ವಿನಯ. ‘ಐ ವಾಸ್ ವಂಡರಿಂಗ್’ ಎಂದು ಶುರುಮಾಡಿದರಂತೂ ಮೈಯೆಲ್ಲ ವಿನಯ. ಕೇಳುತ್ತಿರುವುದು ಈಗಲೇ, ಆದರೂ ಭೂತಕಾಲ. ಕಾಲದಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುವುದೇ ಅವರಿಗೆ ಕೈಕಟ್ಟಿ ನಿಲ್ಲುವ ರೀತಿ. ನಾವು ವಚನದಿಂದ ತೋರಿಸುವ ಮರ್ಯಾದೆಯನ್ನು ಅವರು ಕಾಲದಿಂದ ತೋರಿಸುತ್ತಾರೆ. ಕುಡ್ ಎಂದರೆ ಕ್ಯಾನ್ ಎಂಬುದರ ಭೂತರೂಪ ಎಂದಷ್ಟೇ ಬರೆಸಿ ಬಿಟ್ಟುಬಿಡುವ ನಮ್ಮ ಶಾಲೆಗಳು ಇದನ್ನು ಹೇಳಿಕೊಡಬೇಕಾಗಿತ್ತು. ಗಿರಾಕಿಗಳೊಡನೆ ಮಾತನಾಡುವ ಹುಡುಗಿಗೆ ಗೋ–ವೆಂಟ್‌ಗಿಂತ ಇದರ ಅಗತ್ಯ ಹೆಚ್ಚು.

ಕೊನೆಗೆ ಆಕೆಯ ‘ನೋಯಿಂಗ್’. ಅದರ ಮೂಲ ಅಜ್ಞಾನವಲ್ಲ, ಶ್ರದ್ಧೆ. ‘ಈಗ’ ಎಂಬ ಅರ್ಥ ಬಂದಾಗಲೆಲ್ಲ ಆಮ್ ಹಾಕಿ, ಇಂಗ್ ಸೇರಿಸಿ ಎಂದು ಶಾಲೆಯಲ್ಲಿ ಕೇಳಿದ್ದಾಳೆ. ಕನ್ನಡದಲ್ಲಿಯೂ ‘ತಿಳಿದಿದೆ’, ‘ನೆನಪಿದೆ’ ಎಂಬಲ್ಲೆಲ್ಲ ಒಂದು ‘ಇದೆ’ ಕೂತಿರುತ್ತದೆ; ಆ ಇದೆಯನ್ನು ಹುಡುಕುತ್ತ ಮನಸ್ಸು ಆಮ್ ಎಂಬುದನ್ನು ಎಳೆದುತರುತ್ತದೆಂದು ನನಗೆ ತೋರುತ್ತದೆ. ಇಂಗ್ಲಿಷಿನ ದೃಷ್ಟಿಯಲ್ಲಿ ಇಂಗ್ ಎಂಬುದು ಆರಂಭವಾಗಿ, ಸಾಗುತ್ತ, ನಿಲ್ಲಲಿರುವ ಕೆಲಸಕ್ಕೆ. ತಿಳಿವು ಸಾಗುವುದಿಲ್ಲ, ಇರುತ್ತದೆ. ಆದ್ದರಿಂದ ನೋ, ಬಿಲೀವ್, ಒನ್ ಮೊದಲಾದ ಸ್ಥಿತಿವಾಚಕಗಳಿಗೆ ಅದು ಒಗ್ಗದು. ಹಾಗೆಯೇ ‘ಐ ಹ್ಯಾವ್ ಸೀನ್ ಹಿಮ್ ಯಸ್ಟರ್ಡೇ’ ಎಂಬುದೂ ನಮ್ಮವರ ಪ್ರಸಿದ್ಧ ತಪ್ಪು. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂಬುದು ಕನ್ನಡದಲ್ಲಿ ನಿರ್ದುಷ್ಟ. ಇಂಗ್ಲಿಷಿನ ಹ್ಯಾವ್ ಮಾತ್ರ ಇಂದಿನ ಗೂಟಕ್ಕೆ ಕಟ್ಟಿದ ಹಸು, ನಿನ್ನೆ ಎಂಬ ಹೊಲಕ್ಕೆ ಹೋಗಿ ಮೇಯಲಾರದು. ಮಜಾ ಎಂದರೆ, ಆಕೆಯ ಗಿರಾಕಿಗಳಲ್ಲಿ ಹಲವರು ಆ ಹ್ಯಾವ್ ಅನ್ನೇ ಕಳಚಿಹಾಕಿ ‘ಐ ಸೀನ್ ಹಿಮ್’ ಎನ್ನುತ್ತಾರೆ. ಕೀಪ್, ಫೈಂಡ್‌ಗಳಲ್ಲಿ ಭೂತಕ್ಕೂ ಕೃದಂತಕ್ಕೂ ಒಂದೇ ರೂಪವಿರುವಾಗ ಸೀ ಎಂಬುದಕ್ಕೆ ಮಾತ್ರ ಎರಡೇಕೆ ಎಂಬ ಲೆಕ್ಕಾಚಾರ ಆ ನಾಲಗೆಯದು.

ಕ್ರಿಯಾಪದಕ್ಕೆ ಅಪ್, ಆಫ್, ಔಟ್‌ಗಳು ಸೇರಿ ಅರ್ಥವೇ ತಿರುಗಿಬಿಡುವುದನ್ನು ಕುರಿತು ಆಕೆ ಬೇರೆ ಅತ್ತುಕೊಂಡಳು. ಡಾಕ್ಟರ್ ಜಾನ್ಸನ್ ಕೂಡ 1755ರ ತನ್ನ ನಿಘಂಟಿನ ಪೀಠಿಕೆಯಲ್ಲಿ ಪರಭಾಷಿಕರಿಗೆ ಇದೇ ಮಹಾಕಷ್ಟವೆಂದು ಒಪ್ಪಿಕೊಂಡಿದ್ದಾನೆ. ಬರೆದುಬಿಡು, ಬರೆದುಹಾಕು, ಬರೆದುಕೋ, ಬರೆದುಕೊಡು ಎಂಬುವುಗಳ ಭೇದವನ್ನು ಆ ಅಮೆರಿಕದವನಿಗೆ ಕಲಿಸಬೇಕಾಗಿ ಬಂದಿದ್ದರೆ ಅವನೂ ನಮ್ಮ ಜಗುಲಿಯ ಮೇಲೆ ಅಳುತ್ತಿದ್ದನು ಎಂದೆ. ಅಂದು ಮೊದಲ ಬಾರಿಗೆ ನಕ್ಕಳು.

ಹೊರಡುವಾಗ ಗ್ರೇ ಕವಿಯ ವಿಷಯವನ್ನು ಮತ್ತೊಮ್ಮೆ ಕೇಳಿದಳು. “ಆ ಪದ್ಯದ ಹೆಸರು ಈಗಲೂ ರೋಟ್ ಅಂತಲೇ ಇದೆಯಾ?” ಇಲ್ಲ, 1753ರ ಮುದ್ರಣದ ಹೊತ್ತಿಗೆ ಅದು ರಿಟನ್ ಎಂದಾಗಿದೆ, ನಾವೆಲ್ಲ ಓದಿರುವುದು ಹಾಗೆಯೇ, ಎಂದೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದು ಗಳಿಗೆ ಯೋಚಿಸಿ, “ಹಾಗಾದರೆ ಅವರ ಪಕ್ಕದಲ್ಲೂ ಯಾರೋ ಕೂತು ನಕ್ಕಿರಬೇಕು ಮೇಷ್ಟ್ರೇ” ಎಂದಳು.